ಅದಕ್ಕೆ ತಾಳವೇ ಇಲ್ಲ!

ನಮ್ಮ ಶಾಲೆಗಳಲ್ಲಿ ಆಡಬಾರದ ಮಾತುಗಳ ಪಟ್ಟಿ ಮಾಡು ಎಂದು ಯಾರಾದರೂ ನನಗೆ ಅಧಿಕಾರ ಕೊಟ್ಟರೆ ಮೊದಲು ಬರೆಯುವುದು ಈ ಮಾತನ್ನೇ: "ಅದಕ್ಕೆ ತಾಳವೇ ಇಲ್ಲ." ದಡ್ಡ, ಪೆದ್ದ, ಮಂಕು ಎಂಬ ಬೈಗುಳಗಳೆಲ್ಲ ಆಮೇಲೆ ಬರಲಿ. ದಡ್ಡ ಎನ್ನಿಸಿಕೊಂಡ ಹುಡುಗ ಮುಂದೆ ಪಾಸಾಗಿ ತೋರಿಸಿ ಸೇಡು ತೀರಿಸಿಕೊಂಡಾನು. ತಾಳವಿಲ್ಲ ಎನ್ನಿಸಿಕೊಂಡ ಹುಡುಗಿಗೆ ಆ ದಾರಿಯೂ ಇಲ್ಲ. ಅವಳನ್ನು ಮರುವರ್ಷ ಯಾರೂ ಕರೆಯುವುದಿಲ್ಲ, ಅವಳಾಗಿ ಹೋಗುವುದೂ ಇಲ್ಲ. ನಲವತ್ತು ವರ್ಷ ಕಳೆದು, ದೇವಸ್ಥಾನದ ಭಜನೆಯಲ್ಲಿ ಪಕ್ಕದಲ್ಲಿ ಕೂತವಳು ತಾಳವನ್ನು ಕೈಗೆ ಕೊಡಲು ಬಂದರೆ, "ಬೇಡ ಮಾರಾಯ್ತಿ, ನಂಗೆ ಅದೆಲ್ಲ ಬರೂದಿಲ್ಲ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಮಗುವಿಗೆ ಜೋಗುಳ ಹಾಡಿ ತೊಟ್ಟಿಲು ತೂಗಿದವಳು, ಬೆಳಗಾದರೆ ಲಯ ತಪ್ಪದೆ ರೊಟ್ಟಿ ತಟ್ಟುವವಳು ಹೀಗೆನ್ನುತ್ತಾಳೆ! ಇಂಥ ಹೆಂಗಸರನ್ನು ನಾನು ಎಷ್ಟು ಮಂದಿ ನೋಡಿದ್ದೇನೋ ಲೆಕ್ಕವಿಲ್ಲ. ಇದನ್ನು ಓದುತ್ತಿರುವವರಲ್ಲೂ ಒಬ್ಬಿಬ್ಬರು ಇದ್ದೀರಿ ಎಂದು ನನ್ನ ಗುಮಾನಿ.

ಚಳಿ ಬಿತ್ತೆಂದರೆ ನಮ್ಮ ಉತ್ತರ ಕನ್ನಡದ ಶಾಲೆಗಳಿಗೆ ಗ್ಯಾದರಿಂಗಿನ ಗಾಳಿ ತಾಗುತ್ತದೆ. ವಾರ್ಷಿಕ ಸ್ನೇಹ ಸಮ್ಮೇಳನ ಎಂಬುದು ಆಮಂತ್ರಣ ಪತ್ರಿಕೆಯ ಭಾಷೆ. ಹೊನ್ನಾವರ, ಕುಮಟಾ, ಭಟ್ಕಳದ ಮನೆಗಳಲ್ಲಿ ಅದು ಗ್ಯಾದರಿಂಗೇ. 1956ರವರೆಗೆ ಮುಂಬಯಿ ಕಡೆಗಿದ್ದ ಜಿಲ್ಲೆ ನೋಡಿ, ಆ ಕಾಲದ ಮಾತು ಹಾಗೇ ಉಳಿದಿರಬೇಕು. ಗ್ಯಾದರಿಂಗಿಗೆ ಮೊದಲು ಆಗಸ್ಟ್ 15, ನವೆಂಬರ್ 1. ಮುಗಿದ ಮೇಲೆ ಜನವರಿ 26. ಎಲ್ಲದಕ್ಕೂ ಒಂದು ಡಾನ್ಸು ಬೇಕು. ಹದಿನೈದು ದಿನ ಇರುವಾಗ ಪೇಟೆಯಿಂದ ಡಾನ್ಸ್ ಮಾಸ್ತರು ಬರುತ್ತಾರೆ. ಕುರ್ಚಿಯ ಮೇಲೆ ಸ್ಪೀಕರು, ಅಂಗಳದಲ್ಲಿ ಮೂವತ್ತು ಮಕ್ಕಳು. ಹಾಡು ಶುರುವಾಗುತ್ತದೆ, ಮಾಸ್ತರು ತಾವೊಮ್ಮೆ ಕುಣಿದು ತೋರಿಸಿ "ಹೀಂಗೆ ಮಾಡಿ" ಎನ್ನುತ್ತಾರೆ. ಕಾಲು ಗಂಟೆಯೊಳಗೆ ತೀರ್ಪು ಮುಗಿದಿರುತ್ತದೆ. ಎಂಟು ಮಕ್ಕಳು ಮುಂದಿನ ಸಾಲಿಗೆ, ಎಂಟು ಹಿಂದಿನ ಸಾಲಿಗೆ. ಉಳಿದ ಹದಿನಾಲ್ಕಕ್ಕೆ ತಾಳವಿಲ್ಲ, ಆದ್ದರಿಂದ ಅವು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ತಾಳವಿಲ್ಲದವರಿಗೇ ಚಪ್ಪಾಳೆಯ ಕೆಲಸ ಕೊಡುವ ಈ ವಿವೇಕಕ್ಕೆ ಏನೆನ್ನೋಣ?

ಏಳರ ಮಗ್ಗಿ ಕಲಿಸುವ ಮೊದಲೇ ಏಳೇಳಲಿ ಎಷ್ಟು ಎಂದು ಕೇಳಿ, ಬಾಯಿ ಬಿಡದ ಮಕ್ಕಳನ್ನು ಗಣಿತದ ತರಗತಿಯಿಂದಲೇ ಹೊರಗೆ ಕೂರಿಸುವ ಶಾಲೆಗೆ ನೀವು ಮಕ್ಕಳನ್ನು ಕಳಿಸುತ್ತೀರಾ? ತಾಳದ ವಿಷಯದಲ್ಲಿ ಮಾತ್ರ ಅದನ್ನೇ ನ್ಯಾಯ ಎಂದುಕೊಂಡಿದ್ದೇವೆ. ಕಲಿಸಿದ್ದು ಯಾವಾಗ? ಯಾರೂ ಕಲಿಸಿಲ್ಲ. ಪರೀಕ್ಷೆ ಮಾತ್ರ ಆಗಿದೆ, ಫಲಿತಾಂಶ ಜನ್ಮಪೂರ್ತಿಗೆ ಬಂದಿದೆ.

ನನ್ನ ಸಿಟ್ಟಿಗೆ ಒಂದು ಮುಖವೂ ಇದೆ. ಮಾವಿನಕುರ್ವೆಯ ಎಂಟು ವರ್ಷದ ಹುಡುಗಿಯ ಮುಖ. ಕುರ್ವೆ ಎಂದರೆ ಹೊಳೆಯ ನಡುವಿನ ನೆಲ. ಭಟ್ಕಳದ ಬಂದರದ ಬದಿಗೂ ಇದೇ ಹೆಸರಿನ ಊರುಂಟು. ನಾನು ಹೇಳುತ್ತಿರುವುದು ಹೊನ್ನಾವರದ್ದು, ಶರಾವತಿ ಸಮುದ್ರ ಸೇರುವ ಮುನ್ನ ಸುತ್ತುವರಿದ ಕುರ್ವೆ. ಹುಡುಗಿ ಓದುವುದು ಪೇಟೆ ಕಡೆಯ ಒಂದು ಶಾಲೆಯಲ್ಲಿ. ಹೆಸರು ಬೇಡ, ಹೆಸರು ಹೇಳಿದರೆ ಅದೊಂದೇ ಶಾಲೆಯ ತಪ್ಪು ಎಂದಾಗಿಬಿಡುತ್ತದೆ. ಅವಳ ತಾಯಿ ಸಿಕ್ಕಾಗ ತಾನಾಗಿಯೇ ಹೇಳಿದಳು: "ಎಂತ ಮಾಡೂದು ಅಕ್ಕೋರೆ, ನಮ್ಮದಕ್ಕೆ ತಾಳವೇ ಇಲ್ವಂತೆ. ಡಾನ್ಸಿಂದ ತೆಗದ್ರು." ಮಗಳಿಗೆ ಹುಟ್ಟಿನಿಂದಲೇ ಒಂದು ಕಿವಿಯಿಲ್ಲ ಎಂಬಂಥ ದನಿ. ಮಗಳು ತಾಯಿಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಈ ಹುಡುಗಿಯ ಅಜ್ಜಿ ನೀರಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ ಬಡಿದು ಕತ್ತ ತೆಗೆದವಳು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಭತ್ತ ಕುಟ್ಟಿದವಳು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಕೂದಲೆಳೆ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಈ ಕರಾವಳಿಯಲ್ಲಿ ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆಗೆ ಸೇರುವವರೆಗೆ, ಹತ್ತಾರು ಮಂದಿ ಎರಡು ಸಾಲಾಗಿ ಒಂದೇ ಹಿಡಿತಕ್ಕೆ ಬಲೆ ಎಳೆಯುತ್ತಿದ್ದರು. ಎಲ್ಲರ ಹೆಜ್ಜೆ ಒಟ್ಟಿಗೆ ಬೀಳದಿದ್ದರೆ ಬಲೆ ದಡಕ್ಕೆ ಬರುವುದೇ ಇಲ್ಲ. ಹುಟ್ಟು ಹಾಕುವವನ ತೋಳಲ್ಲಿ ತಾಳವಿದೆ. ಶರಾವತಿಯ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅದರ ಮೇಲೆ ಹೋಗುತ್ತಿರುವುದು ಗೂಡ್ಸೋ ಪ್ಯಾಸೆಂಜರೋ ಎಂದು ಈ ಮಕ್ಕಳು ಸದ್ದಿನಲ್ಲೇ ಹೇಳುತ್ತವೆ. ಇಂಥ ಊರಿನ ಮಗುವಿಗೆ ತಾಳವಿಲ್ಲವಂತೆ!

ಅಕ್ಕೋರಿಗೆ ಭಾವನೆ ಜಾಸ್ತಿ ಎನ್ನುವವರಿಗೆ ಸ್ವಲ್ಪ ವಿಜ್ಞಾನವನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ, ಹುಟ್ಟಿ ಎರಡು ಮೂರು ದಿನವಾದ ಶಿಶುಗಳು ನಿದ್ದೆಯಲ್ಲಿರುವಾಗ ಡ್ರಮ್ಮಿನ ಸದ್ದು ಕೇಳಿಸಿ ಅವುಗಳ ಮೆದುಳಿನ ಅಲೆಗಳನ್ನು ಅಳೆದರು. ಮುಖ್ಯವಾದ ಪೆಟ್ಟೊಂದನ್ನು ಬಿಟ್ಟಾಗ ಶಿಶುವಿನ ಮೆದುಳಿಗೆ ಅದು ಗೊತ್ತಾಗುತ್ತಿತ್ತು. ಅದೇ ವರ್ಷ ಜರ್ಮನಿಯಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡ್ರಮ್ ಕೊಟ್ಟು, ಒಮ್ಮೆ ಎದುರಿಗೆ ಕೂತ ಮನುಷ್ಯನ ಜೊತೆ, ಒಮ್ಮೆ ತಾನೇ ಬಡಿಯುವ ಯಂತ್ರದ ಜೊತೆ, ಒಮ್ಮೆ ಸ್ಪೀಕರಿನಿಂದ ಬರುವ ಸದ್ದಿನ ಜೊತೆ ಬಾರಿಸಲು ಬಿಟ್ಟರು. ಮಕ್ಕಳು ಹೆಚ್ಚು ಸರಿಯಾಗಿ ಕೂಡಿಕೊಂಡದ್ದು ಎದುರಿಗಿನ ಮನುಷ್ಯನ ಜೊತೆ. ನಾವೋ, ಮನುಷ್ಯರನ್ನು ಬದಿಗೆ ಸರಿಸಿ ಸ್ಪೀಕರನ್ನು ಕುರ್ಚಿಯ ಮೇಲೆ ಕೂರಿಸಿದ್ದೇವೆ!

ನಿಜಕ್ಕೂ ತಾಳ ಕೇಳಿಸದವರು ಲೋಕದಲ್ಲಿ ಇಲ್ಲವೆಂದಲ್ಲ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಅಂಥ ಒಬ್ಬ ಯುವಕನನ್ನು ಪತ್ತೆ ಮಾಡಿದರು. ಒಬ್ಬನನ್ನು ಹುಡುಕಿ ತೆಗೆದದ್ದೇ ಜಗತ್ತಿಗೆ ಸುದ್ದಿಯಾಯಿತು. ನಮ್ಮ ಡಾನ್ಸ್ ಮಾಸ್ತರು ಒಂದೇ ಅಂಗಳದಲ್ಲಿ ಕಾಲು ಗಂಟೆಯೊಳಗೆ ಹದಿನಾಲ್ಕು ಮಂದಿಯನ್ನು ಪತ್ತೆ ಮಾಡುತ್ತಾರೆ.

ತಾಯಂದಿರು ನಾಲ್ಕು ಮಂದಿ ಕೇಳಿಕೊಂಡದ್ದಕ್ಕೆ, ಅಕ್ಟೋಬರ್ ರಜೆಯಲ್ಲಿ ಹತ್ತು ದಿನ ಮಾವಿನಕುರ್ವೆಯ ಮಕ್ಕಳನ್ನು ಸೇರಿಸಿಕೊಂಡು ಕೂತೆ. ನವೆಂಬರ್ ಒಂದರಂದು ರಾಜ್ಯೋತ್ಸವಕ್ಕೆ ಏನಾದರೂ ಮಾಡಿಸಬೇಕು ಎಂಬುದು ನೆಪ. ಬಂದದ್ದು ಇಪ್ಪತ್ತೆರಡು ಮಕ್ಕಳು. ಹಾಡಿಲ್ಲ, ಕುಣಿತವಿಲ್ಲ, ಸ್ಪೀಕರಂತೂ ಇಲ್ಲವೇ ಇಲ್ಲ. ಮೊದಲ ದಿನ ನಡೆದದ್ದು ಬರೀ ನಡಿಗೆ. ಅಂಗಳದ ಸುತ್ತ ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕು. ಇದು ಸುಲಭ ಎನ್ನುವವರು ಇಪ್ಪತ್ತೆರಡು ಮಕ್ಕಳನ್ನು ನಡೆಸಿ ನೋಡಬೇಕು! ಎರಡು ಸುತ್ತು ಮುಗಿಯುವುದರೊಳಗೆ ನಡಿಗೆ ಓಟವಾಗಿರುತ್ತದೆ. ಮಕ್ಕಳ ತಾಳ ಕೆಡುವುದೇ ಹೀಗೆ. ಅವು ತಪ್ಪುವುದು ಕಡಿಮೆ, ಓಡುವುದು ಹೆಚ್ಚು. ಬೈದರೆ ಇನ್ನಷ್ಟು ಓಡುತ್ತವೆ. ಅದಕ್ಕೆ ಮದ್ದೆಂದರೆ ಬಾಯಿಗೆ ಕೆಲಸ ಕೊಡುವುದು. ಬಾಯಿ ಅಕ್ಷರ ಹೇಳುತ್ತಿದ್ದರೆ ಕಾಲು ತಾನಾಗಿ ತಡೆಯುತ್ತದೆ.

ಯಾವ ಅಕ್ಷರ? ಸಂಗೀತ ಕಲಿತವರು ತಕಿಟ, ತಕಧಿಮಿ ಎನ್ನುತ್ತಾರೆ. ನಾನು ಊರಿನ ಹೆಸರುಗಳನ್ನು ಹಿಡಿದೆ. ಎಂಟನೆಯ ಒಂಬತ್ತನೆಯ ತರಗತಿಯಲ್ಲಿ ಲಘು ಗುರು ಎಂದು ಮಕ್ಕಳನ್ನು ಹೆದರಿಸುತ್ತಾರಲ್ಲ, ಅದೇ ಲೆಕ್ಕ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಎಳೆದದ್ದಕ್ಕೆ ಮತ್ತು ಒತ್ತಕ್ಷರದ ಹಿಂದಿನದಕ್ಕೆ ಎರಡು. (ಮಾತ್ರೆ ಎಂದೊಡನೆ ಒಬ್ಬ, "ಗುಳಿಗೆಯಾ ಅಕ್ಕೋರೆ?" ಎಂದ. ಹೌದು, ಅದೇ, ನುಂಗು ಎಂದೆ.) ಭಟ್ಕಳ ಎಂದರೆ ನಾಲ್ಕು ಮಾತ್ರೆ, ಏಕತಾಳ. ಕುಮಟಾ ಕೂಡ ನಾಲ್ಕು, ಆದರೆ ತೂಕ ಕೊನೆಯಲ್ಲಿ. ಹೊನ್ನಾವರ ಆರು, ರೂಪಕದ ಲೆಕ್ಕ. ಇಡಗುಂಜಿ ಐದು. ಇನ್ನು ಮಾವಿನಕುರ್ವೆ? ಮಾವಿನ ನಾಲ್ಕು, ಕುರ್ವೆ ಮೂರು, ಕೂಡಿದರೆ ಏಳು! ಯಕ್ಷಗಾನದ ತ್ರಿವುಡೆಗೂ ಏಳೇ ಮಾತ್ರೆ. ಪೇಟೆಯ ಸಂಗೀತ ಶಾಲೆಯಲ್ಲಿ ಕಷ್ಟದ ತಾಳ ಎಂದು ಮುಂದಕ್ಕೆ ಹಾಕುವ ಏಳನ್ನು ಈ ಮಕ್ಕಳು ತಮ್ಮ ಊರಿನ ಹೆಸರಿನಲ್ಲೇ ಹೊತ್ತುಕೊಂಡು ತಿರುಗುತ್ತಿದ್ದವು. ಮೀನಿನ ಮನೆಯ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸಿಗಡಿ ಮೂರು, ಬಂಗಡೆ ನಾಲ್ಕು. "ಸಿಗಡಿ ಬಂಗಡೆ, ಸಿಗಡಿ ಬಂಗಡೆ" ಎಂದು ಅವೇ ಏಳು ಕಟ್ಟಿಕೊಂಡು ಬಂದವು. ಇದು ಮೂರು ಮೊದಲು, ನಾಲ್ಕು ಆಮೇಲೆ. ಮಾವಿನಕುರ್ವೆಯಲ್ಲಿ ನಾಲ್ಕು ಮೊದಲು. ಎರಡೂ ಏಳೇ ಆದರೂ ಕಾಲಿಗೆ ಬೇರೆ ಬೇರೆಯಾಗಿ ತಾಗುತ್ತವೆ ಎಂದು ಯಾರೂ ಹೇಳಿಕೊಡದೆ ಅವಕ್ಕೆ ಗೊತ್ತಾಯಿತು.

ನಾಲ್ಕನೆಯ ದಿನ ಆ ಹುಡುಗಿಯ ಗುಟ್ಟು ತಿಳಿಯಿತು. ಅವಳ ಹೆಜ್ಜೆ ನಿಜಕ್ಕೂ ತಡವಾಗಿ ಬೀಳುತ್ತಿತ್ತು. ಸುಳ್ಳೇಕೆ ಹೇಳಲಿ, ಡಾನ್ಸ್ ಮಾಸ್ತರ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಆದರೆ ಯಾಕೆ ತಡ? ಅವಳು ಕೇಳುತ್ತಲೇ ಇರಲಿಲ್ಲ, ನೋಡುತ್ತಿದ್ದಳು. ಪಕ್ಕದವಳ ಕಾಲು ಎದ್ದದ್ದನ್ನು ನೋಡಿ ತಾನೂ ಎತ್ತುತ್ತಿದ್ದಳು. ಹಾಗೆ ನೋಡಿ ಎತ್ತಿದ ಕಾಲು ಅರ್ಧ ಮಾತ್ರೆ ಹಿಂದೆಯೇ ಬೀಳಬೇಕು, ಬೇರೆ ದಾರಿಯಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಊರಿನ ಹೆಸರು ಹೇಳುತ್ತ ಮೊದಲ ಅಕ್ಷರಕ್ಕೆ ಚಪ್ಪಾಳೆ ತಟ್ಟು ಎಂದೆ. ತಟ್ಟಿದಳು. ಒಂದೂ ತಪ್ಪಲಿಲ್ಲ.

ಇಲ್ಲಿ ನೀವು ಸ್ವಲ್ಪ ನಿಂತು ಯೋಚಿಸಬೇಕು. "ನೋಡಿ ಮಾಡಿ" ಎಂದು ಕಲಿಸುವ ಕುಣಿತದಲ್ಲಿ ಹಿಂದಿನ ಸಾಲಿನ ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಆ ಬೆನ್ನು ನೋಡಿಕೊಂಡೇ ಅದು ಕುಣಿಯಬೇಕು, ತಡವಾಗಲೇಬೇಕು. ತಡವಾಗುತ್ತದೆಂದು ಅದನ್ನು ಇನ್ನೂ ಹಿಂದಕ್ಕೆ ಹಾಕುತ್ತಾರೆ, ಅಲ್ಲಿ ಇನ್ನೂ ಕಡಿಮೆ ಕಾಣುತ್ತದೆ. ಕೊನೆಗೆ ತಾಳವಿಲ್ಲ ಎಂದು ಇಳಿಸುತ್ತಾರೆ. ಮುಂದಿನ ಸಾಲಿಗೆ ಯಾರು ಎಂಬುದು ಯಾವುದರಿಂದ ತೀರ್ಮಾನವಾಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬಣ್ಣ ಸ್ವಲ್ಪ ತಿಳಿಯಾಗಿರಬೇಕು, ಮುಖ ದುಂಡಗಿರಬೇಕು, ಅಪ್ಪ ದೇಣಿಗೆ ಕೊಟ್ಟವರ ಪಟ್ಟಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಹೊಳೆ ದಾಟಿ ಬರುವ ಕಪ್ಪು ಹುಡುಗಿ ತಾಳ ಕಲಿಯುವ ಮೊದಲೇ ತನ್ನ ಜಾಗ ಯಾವುದೆಂದು ಕಲಿತಿರುತ್ತಾಳೆ.

ರಾಜ್ಯೋತ್ಸವದ ದಿನ ನಾವು ಮಾಡಿದ್ದು ಹತ್ತು ನಿಮಿಷದ್ದು. ಯೂನಿಫಾರ್ಮಿನಲ್ಲೇ, ಕೈಯಲ್ಲಿ ತೆಂಗಿನ ಕರಟಗಳು. ಒಂದು ಗುಂಪು "ಮಾವಿನಕುರ್ವೆ" ಎನ್ನುತ್ತ ಏಳು ಹಿಡಿಯಿತು, ಇನ್ನೊಂದು "ಭಟ್ಕಳ" ಎನ್ನುತ್ತ ನಾಲ್ಕು. ಮೊದಲ ಕರಟ ಒಟ್ಟಿಗೆ ಬೀಳುತ್ತದೆ, ಆಮೇಲೆ ಇಬ್ಬರ ದಾರಿ ಬೇರೆ. ಒಬ್ಬರದು ಬಿದ್ದಾಗ ಇನ್ನೊಬ್ಬರದು ಬೀಳುವುದಿಲ್ಲ, ಎಲ್ಲ ಕೆಟ್ಟಿತು ಎನ್ನುವಂಥ ಗದ್ದಲ. 28 ಮಾತ್ರೆ ಮುಗಿದು 29ನೆಯದಕ್ಕೆ ಸರಿಯಾಗಿ ಎಲ್ಲ ಕರಟಗಳೂ ಒಂದೇ ಸಲ ಠಕ್ಕನೆ ಕೂಡುತ್ತವೆ. ಜನ ಹೋ ಎಂದು ಕೂಗಿದರು. ನಾಲ್ಕು ಮತ್ತು ಏಳರ ಲ.ಸಾ.ಅ. 28 ಎಂದು ಐದನೆಯ ತರಗತಿಯ ಹುಡುಗನೊಬ್ಬ ಆಮೇಲೆ ತನ್ನಪ್ಪನಿಗೆ ವಿವರಿಸುತ್ತಿದ್ದ. ಅಪ್ಪ ತಲೆ ಹಾಕುತ್ತಿದ್ದ, ತಿಳಿಯಿತೋ ಇಲ್ಲವೋ ದೇವರೇ ಬಲ್ಲ.

ಸಿನಿಮಾ ಹಾಡಿನ ಮೇಲೆ ನನಗೆ ಹಗೆಯಿಲ್ಲ. ಮಕ್ಕಳಿಗೆ ಇಷ್ಟವಾದದ್ದಕ್ಕೆ ಕುಣಿಯಲಿ. ನನ್ನ ತಕರಾರು ತಾಳ ಯಾರ ಹತ್ತಿರ ಇದೆ ಎಂಬುದರದ್ದು. ಕರೆಂಟು ಹೋದರೆ ವೇದಿಕೆಯ ಮೇಲೆ ಮಕ್ಕಳು ಎತ್ತಿದ ಕೈ ಎತ್ತಿದಂತೆಯೇ ಮಾಸ್ತರ ಮುಖ ನೋಡುತ್ತ ನಿಂತುಬಿಡುವುದನ್ನು ನೀವೂ ಕಂಡಿದ್ದೀರಿ. ನಾವು ಅದಕ್ಕೆ ನಗುತ್ತೇವೆ. ಅದರಲ್ಲಿ ನಗುವಂಥದ್ದು ಏನಿದೆ? ಹದಿನೈದು ದಿನ ಕುಣಿದ ಮೇಲೂ ಆ ಮಕ್ಕಳ ಒಳಗೆ ಒಂದು ಮಾತ್ರೆಯೂ ಇಳಿದಿಲ್ಲ ಎಂದು ತಾನೇ ಅದರ ಅರ್ಥ?

ಹೇಳಿಕೊಡುವವರು ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಬಹಳ ಶಾಲೆಗಳಲ್ಲಿ ಸಂಗೀತಕ್ಕೆಂದು ಶಿಕ್ಷಕರಿಲ್ಲ, ನಿಜ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಒಂದು ವಿಷಯವಾಗಿರಬೇಕು ಎಂದಿತು, ಹೇಳಿ ಇಷ್ಟು ವರ್ಷವಾಯಿತು. ಆದರೆ ಹೊನ್ನಾವರ ತಾಲೂಕಿನಲ್ಲಿ ಕೂತು ತಾಳ ಬಲ್ಲವರಿಲ್ಲ ಎಂದರೆ ಕೇಳಿದವರು ನಕ್ಕಾರು! ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ, ಇದೇ ತಾಲೂಕಿನಲ್ಲಿ. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಶ್ರೀಮಯ ಶಿಕ್ಷಣ ಕೇಂದ್ರ ತೆರೆದದ್ದು 1986ರಲ್ಲಿ. ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ಮಣ್ಣಿನವರೇ. ಪಕ್ಕದ ಉಡುಪಿಯಲ್ಲಿ ಪ್ರೌಢಶಾಲೆಗಳ ಮಕ್ಕಳಿಗೆ ಗುರುಗಳನ್ನು ಗೊತ್ತುಮಾಡಿ ಯಕ್ಷಗಾನ ಕಲಿಸಿ, ಶಾಲೆ ಶಾಲೆಯವರೂ ಒಂದೊಂದು ಪ್ರಸಂಗ ಆಡುತ್ತಾರೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆ ಸಾವಿರಾರು ಹಾಡುಗಳನ್ನು ಲಯಸಮೇತ ನೆನಪಿನಲ್ಲಿಟ್ಟಿದ್ದವರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥವರನ್ನು ಗ್ಯಾದರಿಂಗಿಗೆ ಕರೆದು ಶಾಲು ಹೊದಿಸುತ್ತೇವೆ. ಅವರನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮಕ್ಕಳನ್ನು ಸ್ಪೀಕರಿಗೆ ಕುಣಿಸುತ್ತೇವೆ.

ಹಳೆಯದೆಲ್ಲ ಚಿನ್ನ ಎಂದೂ ನಾನು ಹೇಳುವವಳಲ್ಲ. ಹಾಲಕ್ಕಿಗಳ ಗುಮಟೆಯನ್ನೇ ನೋಡಿ. ಮಣ್ಣಿನ ಮಡಕೆಗೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ವಾದ್ಯ, 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಉಡವನ್ನು ಕೊಲ್ಲುವಂತಿಲ್ಲ, ಅದು ಸರಿಯೇ. ಆದರೆ ಹಾಡುವುದು ಹೆಂಗಸರ ಪಾಲಿಗೆ, ಗುಮಟೆ ಬಡಿಯುವುದು ಸಾಮಾನ್ಯವಾಗಿ ಗಂಡಸರ ಪಾಲಿಗೆ. ಚಂಡೆ ಮದ್ದಳೆಯ ಕಥೆಯೂ ಬಹುತೇಕ ಅದೇ. ತೆಂಕಿನ ಮೇಳಗಳಲ್ಲಿ ಭಾಗವತಿಕೆ ಮಾಡಿದ ಲೀಲಾವತಿ ಬೈಪಡಿತ್ತಾಯರು 2024ರಲ್ಲಿ ತೀರಿಕೊಂಡಾಗ ಎಲ್ಲರೂ ಹೊಗಳಿ ಬರೆದರು. ಹೆಣ್ಣುಮಗಳ ಕೈಗೆ ಜಾಗಟೆ ಬಂದದ್ದೇ ದೊಡ್ಡ ಸಂಗತಿಯಾಗಿದ್ದ ಕಾಲದಿಂದ ಬಂದವರು ಅವರು. ನಮ್ಮ ಶಾಲೆಗಳು ಇವತ್ತಿಗೂ ಆ ಕಾಲವನ್ನು ದಾಟಿಲ್ಲ. ಕುಣಿಯಲು ಹುಡುಗಿಯರು, ಬಡಿಯಲು ಹುಡುಗರು. ನಾನು ಕರಟ ಹಂಚಿದ ದಿನವೂ ನಾಲ್ಕು ಹುಡುಗಿಯರು, "ನಮ್ಗೂ ಉಂಟಾ?" ಎಂದು ಕೇಳಿ ಆಮೇಲೆ ಕೈ ಚಾಚಿದವು.

ಇನ್ನು ನಾವು, ಅಮ್ಮಂದಿರು. ಡಾನ್ಸ್ ಮಾಸ್ತರನ್ನು ಬೈದು ಮುಗಿಸುವುದು ಸುಲಭ, ಆದರೆ ಅವರಿಗೆ ಸಂಬಳ ಕೊಡುವವರು ನಾವೇ. ಮಗಳು ಮುಂದಿನ ಸಾಲಿನಲ್ಲಿದ್ದರೆ ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯುತ್ತೇವೆ, ಹಿಂದಿನ ಸಾಲಿನವರು ಆ ಚಿತ್ರದಲ್ಲಿ ಕಾಣುವುದೇ ಇಲ್ಲ. ವೇಷದ ಬಾಡಿಗೆ ಎಷ್ಟೇ ಹೇಳಲಿ, ಕೊಟ್ಟುಬಿಡುತ್ತೇವೆ. ಕೊಡಲಾಗದ ಮನೆಯವರು ಮಗುವಿಗೆ ಹೊಟ್ಟೆನೋವು ಎಂದು ಹೇಳಿ ಕಳಿಸುವುದು ನಮಗೆ ತಿಳಿಯುವುದಿಲ್ಲ, ತಿಳಿದರೂ ತಿಳಿಯದವರಂತೆ ಇರುತ್ತೇವೆ.

ಈ ಸಲ ಪಾಲಕರ ಸಭೆಗೆ ಹೋದಾಗ ತಿಂಡಿಯ ವಿಷಯ, ಬಸ್ಸಿನ ವಿಷಯ ಮುಗಿದ ಮೇಲೆ ಒಂದು ಮಾತು ಕೇಳಿ. ಡಾನ್ಸಿಗೆ ಆರಿಸುವ ಮೊದಲು ತರಗತಿಯ ಎಲ್ಲ ಮಕ್ಕಳಿಗೂ ತಾಳ ಕಲಿಸುತ್ತೀರಾ? ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ದಿನ ಸಾಕು. ಸಾಮಾನೆಂದರೆ ಕರಟ ಮತ್ತು ಊರಿನ ಹೆಸರು, ಎರಡಕ್ಕೂ ಬಾಡಿಗೆಯಿಲ್ಲ. ಸಾಲುಗಳನ್ನು ಎರಡು ದಿನಕ್ಕೊಮ್ಮೆ ಹಿಂದು ಮುಂದು ಮಾಡುತ್ತೀರಾ ಎಂದೂ ಕೇಳಿ. ಬಡಿಯುವವರಲ್ಲಿ ಹುಡುಗಿಯರೆಷ್ಟು ಎಂದೂ ಕೇಳಿ. ನಿಮ್ಮ ಮಗಳು ಈಗಾಗಲೇ ಮುಂದಿನ ಸಾಲಿನಲ್ಲಿದ್ದರೆ ನೀವೇ ಮೊದಲು ಕೇಳಬೇಕು. ಕೆಳಗೆ ಕೂತ ಮಗುವಿನ ತಾಯಿ ಕೇಳಿದರೆ ಹೊಟ್ಟೆಕಿಚ್ಚು ಎಂದಾರು. ಕೇಳುವುದಿದ್ದರೆ ಅಕ್ಟೋಬರ್ ರಜೆಯ ಮೊದಲೇ ಕೇಳಿ. ಡಿಸೆಂಬರಿನಲ್ಲಿ ಹೋದರೆ ವೇಷದವನಿಗೆ ಮುಂಗಡ ಕೊಟ್ಟಾಗಿರುತ್ತದೆ.